‘ತಿಥಿ’ಯ ಗಡ್ಡಪ್ಪ: ಅವಧೂತನೋ, ಹೊಣೆಗೇಡಿ ಅಪ್ಪನೋ?

ನವನಗರದ ನೋಡುಗ, ಬಾಗಲಕೋಟೆ

‘ತಿಥಿ’ ತೆರೆಗೆ ಬಂದದ್ದು 2016ರ ಮೇ ತಿಂಗಳಲ್ಲಿ. ಅದಕ್ಕೂ ಮೊದಲೇ, 2015ರ ಆಗಸ್ಟಿನಲ್ಲಿ, ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗಳಿಸಿತ್ತು. ಆಮೇಲೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಅಂದಿನಿಂದ ಇದರ ಬಗ್ಗೆ ಬಂದ ವಿಮರ್ಶೆಗಳಲ್ಲಿ ಸಿಕ್ಕಷ್ಟನ್ನು ಓದುತ್ತ ಬಂದಿದ್ದೇನೆ. ಮುಕ್ಕಾಲು ಪಾಲಿನದು ಒಂದೇ ಜಾಡು. ನೂರಾ ಒಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮಗ ಗಡ್ಡಪ್ಪ ಯಾವುದಕ್ಕೂ ಅಂಟಿಕೊಳ್ಳದ ಅವಧೂತ. ಮೊಮ್ಮಗ ತಮ್ಮಣ್ಣ ಆಸೆಬುರುಕ. ಮರಿಮಗ ಅಭಿ ಹುಡುಗಿಯ ಹಿಂದೆ ಅಲೆಯುವ ಪೋರ. ಕೊನೆಯ ಪ್ಯಾರಾದಲ್ಲಿ ‘ಬದುಕಿನ ಸಂಭ್ರಮ’ ಎಂಬ ಮಾತು ಬಂದೇ ಬರುತ್ತದೆ.

ನನಗೆ ಈ ಓದು ಒಪ್ಪಿಗೆಯಿಲ್ಲ. ಇದು ಸಾವಿನ ಚಿತ್ರವಲ್ಲ, ಅಪ್ಪಂದಿರ ಚಿತ್ರ. ಇಡೀ ಕತೆಯಲ್ಲಿ ಮೈಮುರಿದು ಓಡಾಡುವವನು ತಮ್ಮಣ್ಣ ಒಬ್ಬನೇ. ಹನ್ನೊಂದನೆಯ ದಿನ ಐನೂರು ಜನರಿಗೆ ಊಟ ಹಾಕಬೇಕು, ಬಡ್ಡಿಗೆ ಸಾಲ ತರಬೇಕು, ಕಚೇರಿ ಅಲೆಯಬೇಕು, ಪೋಲಿ ಮಗನನ್ನು ಹಿಡಿದು ಕೆಲಸಕ್ಕೆ ಹಚ್ಚಬೇಕು. ತಾತನ ಹೆಸರಿನಲ್ಲಿರುವುದು ಐದು ಎಕರೆ. ಅಪ್ಪ ಕಚೇರಿಗೆ ಬಂದು ಒಂದು ಸಹಿ ಹಾಕಿದ್ದರೆ ಸಿನಿಮಾ ಅರ್ಧ ತಾಸಿನಲ್ಲಿ ಮುಗಿಯುತ್ತಿತ್ತು. ಅಪ್ಪ ಬರುವುದಿಲ್ಲ. ಆಸೆಯಿಂದಲ್ಲ, ತನಗೆ ಬೇಡವೆಂದು. ‘ನನಗೆ ಬೇಡ’ ಎನ್ನುವುದಕ್ಕೂ ‘ನಿನಗೆ ಕೊಟ್ಟೆ’ ಎನ್ನುವುದಕ್ಕೂ ನಡುವೆ ಒಂದು ಕಂದಕವಿದೆ. ಮಗ ಬೀಳುವುದು ಆ ಕಂದಕದಲ್ಲಿ. ಅದರಿಂದ ಮೇಲೆ ಬರಲು ಅವನು ಬದುಕಿರುವ ಅಪ್ಪನ ಹೆಸರಿಗೆ ಸುಳ್ಳು ಮರಣ ಪತ್ರ ಮಾಡಿಸುತ್ತಾನೆ. ಅಪ್ಪನನ್ನು ಊರು ಬಿಡಿಸುತ್ತಾನೆ.

ನಮ್ಮ ಕಡೆ ಇಂಥ ಮನೆಗಳು ಎಷ್ಟಿಲ್ಲ! ಅಪ್ಪನಿಗೆ ಎಂಬತ್ತು ದಾಟಿದೆ, ಮಗನಿಗೆ ಐವತ್ತು ದಾಟಿದೆ, ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಇನ್ನೂ ಅಪ್ಪನ ಹೆಸರು. ಬೆಳೆಸಾಲಕ್ಕೆ ಸೊಸೈಟಿಗೆ ಹೋದರೆ ಅಪ್ಪನ ಹೆಬ್ಬೆಟ್ಟು, ಪಂಪ್‌ಸೆಟ್ಟಿಗೆ ಅರ್ಜಿ ಹಾಕಿದರೆ ಅಪ್ಪನ ಆಧಾರ್. ಕಾಗದಗಳೆಲ್ಲ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಗಡಿನ ಟ್ರಂಕಿನಲ್ಲಿವೆ, ಟ್ರಂಕಿನ ಕೀಲಿಕೈ ಅಪ್ಪನ ಉಡದಾರದಲ್ಲಿದೆ. ಮಗನ ತಲೆ ನೆರೆತಿದೆ, ಊರವರ ಬಾಯಲ್ಲಿ ಅವನಿನ್ನೂ ‘ಗೌಡರ ಹುಡುಗ’. ಅಂಥವರ ಜೊತೆ ಕುಳಿತು ಈ ಚಿತ್ರ ನೋಡಿ. ಸೆಂಚುರಿ ಗೌಡನ ಬೈಗುಳಕ್ಕೆ ಅವರು ಮುಗುಳ್ನಗುತ್ತಾರೆ ಅಷ್ಟೆ. ಮರಣ ಪತ್ರದ ಮಾತು ಬಂದಾಗ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನಕ್ಕು ಆಚೀಚೆ ನೋಡುತ್ತಾರೆ.

ಗಡ್ಡಪ್ಪನನ್ನು ಅವಧೂತನೆನ್ನುವ ವಿಮರ್ಶಕರಲ್ಲಿ ಎಷ್ಟು ಜನರಿಗೆ ಇಂಥ ಅಪ್ಪನಿದ್ದನೋ, ಕೇಳಬೇಕೆನಿಸುತ್ತದೆ.

ಟಿಳಕವಾಡಿ ಟಾಕೀಸು, ಬೆಳಗಾವಿ

ನೋಡುಗ ಅಣ್ಣಾ, ನೀವು ಸಿನಿಮಾ ನೋಡಿದಿರೋ, ಕಂದಾಯ ಅದಾಲತ್ ನಡೆಸಿದಿರೋ? ಗಡ್ಡಪ್ಪನನ್ನು ಕಟಕಟೆಗೆ ಹತ್ತಿಸಿದರೆ ಹಾಸ್ಯ ಅಲ್ಲಿಗೇ ಸತ್ತಿತು. ಕರಾಳ ಹಾಸ್ಯ ನಿಂತಿರುವುದೇ ಯಾರ ಪರವಾಗಿಯೂ ತೀರ್ಪು ಕೊಡದಿರುವುದರ ಮೇಲೆ.

ನಮ್ಮ ಬೆಳಗಾವಿಯಲ್ಲಿ ಮರಾಠಿ ಚಿತ್ರಗಳನ್ನೂ ನೋಡುತ್ತೇವಲ್ಲ, ಅದೇ 2016ರ ನವೆಂಬರಿನಲ್ಲಿ ‘ವೆಂಟಿಲೇಟರ್’ ಬಂತು. ಮನೆಯ ಹಿರಿಯ ಆಸ್ಪತ್ರೆಯಲ್ಲಿ ಯಂತ್ರದ ಉಸಿರಾಟದಲ್ಲಿದ್ದಾನೆ. ಗಣೇಶನ ಹಬ್ಬ ಎದುರಿಗಿದೆ. ನೆಂಟರೆಲ್ಲ ಬಂದು ಕುಳಿತಿದ್ದಾರೆ. ಅದೂ ನಗಿಸುತ್ತದೆ. ಆದರೆ ಕೊನೆಗೆ ಅಪ್ಪ ಮಗನ ಪ್ರೀತಿಯನ್ನು ಮುಂದಿಟ್ಟು ಕಣ್ಣು ಒದ್ದೆ ಮಾಡಿಸಿಯೇ ಕಳಿಸುತ್ತದೆ. ನಿರ್ದೇಶಕ ರಾಜೇಶ್ ಮಾಪುಸ್ಕರ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಜನವೂ ಮೆಚ್ಚಿದರು, ನಾನೂ ಕಣ್ಣೊರೆಸಿಕೊಂಡೆ. ಮಲಯಾಳದ ‘ಈ.ಮ.ಯೌ.’ 2018ರದು. ಅಲ್ಲಿ ಮಗ ಅಪ್ಪನಿಗೆ ಭರ್ಜರಿ ಶವಸಂಸ್ಕಾರದ ಮಾತು ಕೊಟ್ಟುಬಿಡುತ್ತಾನೆ, ಅಪ್ಪ ಅಂದೇ ಸಾಯುತ್ತಾನೆ. ಕೈಯಲ್ಲಿ ಕಾಸಿಲ್ಲ, ಹೊರಗೆ ಮಳೆ ನಿಲ್ಲುತ್ತಿಲ್ಲ. ಅಲ್ಲಿ ಮಗನ ಪ್ರೀತಿಯೇ ಅವನನ್ನು ಹುಚ್ಚು ಹಿಡಿಸುತ್ತದೆ.

ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಹೋದವನಿಗಾಗಿ ಯಾರೂ ಎದೆಮುಟ್ಟಿ ಅಳದ ಚಿತ್ರ ನಮ್ಮದೊಂದೇ. ಹಿನ್ನೆಲೆ ಸಂಗೀತವೂ ಇಲ್ಲ, ಈಗ ಅಳಿ, ಈಗ ನಗಿ ಎಂದು ಹೇಳಿಕೊಡುವುದಕ್ಕೆ. ನಾನು ಕುಳಿತಿದ್ದ ಕಡೆ ಕೆಲವರು ಚಿತ್ರ ಮುಗಿದ ಮೇಲೂ ಎದ್ದೇಳಲಿಲ್ಲ. ಇನ್ನೊಂದು ದೃಶ್ಯ ಇರಬಹುದು, ಯಾರಾದರೂ ಕ್ಷಮೆ ಕೇಳಬಹುದು ಎಂದು ಕಾದರೋ ಏನೋ.

ಅಥಣಿ ಕಬ್ಬು

ಎರಡು ತಾಸು ಒಬ್ಬ ಮುದುಕ ನಡೆಯುತ್ತಾನೆ, ನಡುನಡುವೆ ಬ್ರಾಂದಿ ಕುಡಿಯುತ್ತಾನೆ. ಇದಕ್ಕೆ ಸ್ವಿಟ್ಜರ್ಲೆಂಡಿನವರು ಪ್ರಶಸ್ತಿ ಕೊಟ್ಟರು. ನಮ್ಮಲ್ಲಿ ಇಂಥವರು ಓಣಿಗೆ ಇಬ್ಬರಿದ್ದಾರೆ, ಮನೆಯವರು ಹೊತ್ತಿಗೆ ರೊಟ್ಟಿ ಕೊಟ್ಟರೆ ಅದೇ ದೊಡ್ಡ ಪ್ರಶಸ್ತಿ.

ಸಿಂದಗಿಯ ಮೇಷ್ಟ್ರು, ವಿಜಯಪುರ ಜಿಲ್ಲೆ

ನೋಡುಗರೇ, ನಿಮ್ಮ ವಾದದಲ್ಲಿ ಚಿತ್ರದ ಅತಿ ಮುಖ್ಯ ದೃಶ್ಯವೇ ನಾಪತ್ತೆ. (ಚಿತ್ರ ನೋಡದವರು ಇಲ್ಲಿಂದ ಮುಂದಕ್ಕೆ ದಾಟಿಕೊಳ್ಳಿ, ಗುಟ್ಟು ಬಿಡಲಿದ್ದೇನೆ.) ಮಗ ದುಡ್ಡು ಕೊಟ್ಟು ಸಾಗಹಾಕಿದ ಗಡ್ಡಪ್ಪ ಕುರಿಗಾರರ ಬಿಡಾರ ಸೇರಿಕೊಳ್ಳುತ್ತಾನೆ. ರಾತ್ರಿ ಬೆಂಕಿಯ ಮುಂದೆ ಕುಳಿತು ತನ್ನ ಕತೆ ಹೇಳುತ್ತಾನೆ. ತನ್ನ ಹೆಂಡತಿ, ತನ್ನ ಅಪ್ಪ, ಅವರಿಬ್ಬರ ನಡುವೆ ನಡೆದದ್ದು. ದನಿಯಲ್ಲಿ ಏರಿಳಿತವೇ ಇಲ್ಲ, ಪಕ್ಕದೂರಿನ ಯಾರದೋ ಸಂಗತಿ ಎಂಬಂತೆ. ಅಲ್ಲಿಯ ತನಕ ದಾರಿಹೋಕರನ್ನು ಬೈದು ನಮ್ಮನ್ನು ನಗಿಸಿದ್ದ ಆ ಶತಾಯುಷಿ ಒಂದೇ ರಾತ್ರಿಯಲ್ಲಿ ಬೇರೆಯೇ ಮನುಷ್ಯನಾಗಿಬಿಡುತ್ತಾನೆ. ನಾವು ನಕ್ಕಿದ್ದು ಯಾರ ಜೊತೆಗೆ ಎಂದು ಮುಜುಗರವಾಗುತ್ತದೆ.

ಆ ಅಪ್ಪನ ಹೆಸರಿನ ಹೊಲ ಗಡ್ಡಪ್ಪನಿಗೆ ಏಕೆ ಬೇಕು? ಸಹಿ ಹಾಕುವುದೆಂದರೆ ‘ನಾನು ಇವನ ವಾರಸುದಾರ’ ಎಂದು ಸರ್ಕಾರದ ಮುಂದೆ ಒಪ್ಪಿಕೊಂಡಂತೆ. ಅವನು ಒಪ್ಪುವುದಿಲ್ಲ. ಜಗಳವಾಡದೆ, ಅಪ್ಪನನ್ನು ಒಂದು ಮಾತೂ ಅನ್ನದೆ, ಸುಮ್ಮನೆ ನಡೆದುಬಿಡುತ್ತಾನೆ. ಇದನ್ನು ವೈರಾಗ್ಯ ಎನ್ನಿ, ಪ್ರತೀಕಾರ ಎನ್ನಿ. ಹೊಣೆಗೇಡಿತನ ಎಂದರೆ ಮಾತ್ರ ನಾನು ಕೇಳುವುದಿಲ್ಲ.

ಇನ್ನೊಂದು. ಅಪ್ಪ ಮಗನನ್ನು ತಿನ್ನುವ ಕತೆಯನ್ನು ಕನ್ನಡಿಗರು ಲೊಕಾರ್ನೊದಿಂದ ಕಲಿಯಬೇಕಾಗಿಲ್ಲ. ಗಿರೀಶ ಕಾರ್ನಾಡರ ‘ಯಯಾತಿ’ 1961ರ ನಾಟಕ. ಮುದಿತನದ ಶಾಪ ಬಿದ್ದ ಅಪ್ಪ ಮಗ ಪುರುವಿನ ಯೌವನ ಇಸಿದುಕೊಳ್ಳುತ್ತಾನೆ. ಆಗ ಸೊಸೆ ಚಿತ್ರಲೇಖೆ ಮಾವನ ಎದುರಿಗೆ ನಿಂತು, ನನ್ನ ಗಂಡನ ಯೌವನ ಪಡೆದವನು ನೀನಾದರೆ ನನ್ನನ್ನೂ ನೀನೇ ಸ್ವೀಕರಿಸಬೇಕಲ್ಲವೇ ಎಂಬ ಪ್ರಶ್ನೆ ಎತ್ತುತ್ತಾಳೆ. ಅರಮನೆಯಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ. ಗಡ್ಡಪ್ಪನ ಬೆಂಕಿಯ ಕತೆ ಕೇಳುವಾಗ ನನಗೆ ನೆನಪಾದದ್ದು ಅವಳು. ಅಲ್ಲಿ ರಾಜವಂಶ, ಇಲ್ಲಿ ಮಂಡ್ಯದ ನೊದೆಕೊಪ್ಪಲಿನ ರೈತರ ಮನೆ. ಅಪ್ಪ ಬದಲಾಗಿಲ್ಲ.

ಶುನಃಶೇಪನ ಅಪ್ಪನನ್ನೂ ನೆನಪಿಸಿಕೊಳ್ಳಿ. ಐತರೇಯ ಬ್ರಾಹ್ಮಣ ಎಂಬ ವೈದಿಕ ಗ್ರಂಥದ ಅಜೀಗರ್ತ. ನೂರು ಹಸುಗಳಿಗೆ ನಡುವಿನ ಮಗನನ್ನು ಬಲಿಗೆ ಮಾರಿದ. ಯೂಪಕ್ಕೆ, ಅಂದರೆ ಬಲಿಗಂಬಕ್ಕೆ, ಕಟ್ಟಲು ಯಾರೂ ಮುಂದೆ ಬರದಿದ್ದಾಗ ಇನ್ನೂ ನೂರು ಕೊಡಿ, ನಾನೇ ಕಟ್ಟುತ್ತೇನೆ ಎಂದ. ಕಡಿಯಲು ಯಾರೂ ಬರದಿದ್ದಾಗ ಮತ್ತೆ ನೂರು ಕೇಳಿದ. ಇದಕ್ಕಿಂತ ಕರಾಳ ಹಾಸ್ಯವನ್ನು ಯಾವ ಚಿತ್ರೋತ್ಸವ ಕಂಡಿದೆ? ತರಗತಿಯಲ್ಲಿ ಈ ಕತೆ ಹೇಳಿದಾಗಲೆಲ್ಲ ಹುಡುಗರು ಎರಡನೆಯ ನೂರಕ್ಕೆ ನಗುತ್ತಾರೆ. ಮೂರನೆಯದಕ್ಕೆ ನಗುವುದಿಲ್ಲ.

ಚಿಕ್ಕೋಡಿ ವಕೀಲ

ಮೇಷ್ಟ್ರ ಪುರಾಣ ಚೆನ್ನಾಗಿದೆ. ನಾನು ಕಾಗದದ ಮಾತು ಹೇಳುತ್ತೇನೆ, ಏಕೆಂದರೆ ಈ ಚಿತ್ರದ ನಗೆ ಕಾಗದದಲ್ಲೇ ಇದೆ.

ಆಸ್ತಿ ತಾತನ ಸ್ವಯಾರ್ಜಿತವಾಗಿದ್ದರೆ ಅಪ್ಪ ಬದುಕಿರುವ ತನಕ ಮೊಮ್ಮಗನಿಗೆ ಅದರಲ್ಲಿ ಏನೂ ಇಲ್ಲ. ಪಿತ್ರಾರ್ಜಿತವಾಗಿದ್ದರೆ ಹುಟ್ಟಿನಿಂದಲೇ ಪಾಲಿದೆ, ಆದರೆ ಅಪ್ಪ ಒಪ್ಪದಿದ್ದರೆ ವಾಟ್ನಿ ದಾವೆ, ಅಂದರೆ ಪಾಲು ಕೇಳುವ ದಾವೆ, ಹೂಡಬೇಕು. ದಾವೆ ಹೂಡಿದವನು ತೀರ್ಪು ಬರುವಷ್ಟರಲ್ಲಿ ತಾನೇ ಅಪ್ಪನ ವಯಸ್ಸಿಗೆ ಬಂದಿರುತ್ತಾನೆ. ಇನ್ನು ಅಪ್ಪ ಒಪ್ಪಿದರೆ? ಹಕ್ಕುಬಿಡುಗಡೆ ಪತ್ರ, ಉಪನೋಂದಣಿ ಕಚೇರಿಯಲ್ಲಿ ಒಂದು ಮಧ್ಯಾಹ್ನದ ಕೆಲಸ. ತಮ್ಮಣ್ಣ ಮೂರನೆಯ ದಾರಿ ಹಿಡಿದ. ಅಪರಾಧ, ಸಂಶಯವೇ ಇಲ್ಲ. ಆದರೆ ಹುಚ್ಚಾಟವಲ್ಲ, ಲೆಕ್ಕಾಚಾರ.

ಚಿತ್ರದಲ್ಲಿ ಇದು ಅತಿಯಾಯಿತು ಎಂದವರು ಲಾಲ್ ಬಿಹಾರಿಯವರ ಪ್ರಕರಣ ನೋಡಲಿ. ಉತ್ತರ ಪ್ರದೇಶದ ಆಜಂಗಡದ ಕಡೆಯ ರೈತ. 1975ರಲ್ಲಿ ಸಂಬಂಧಿಕರು ಜಮೀನಿಗಾಗಿ ಅವರನ್ನು ದಾಖಲೆಯಲ್ಲಿ ಸಾಯಿಸಿದರು. ತಾನು ಬದುಕಿದ್ದೇನೆ ಎಂದು ಸರ್ಕಾರದಿಂದ ಒಪ್ಪಿಗೆ ಪಡೆಯುವಷ್ಟರಲ್ಲಿ 1994 ಬಂತು. ನಡುವೆ ಹೆಸರಿಗೆ ‘ಮೃತಕ’ ಎಂದು ಸೇರಿಸಿಕೊಂಡರು, ಚುನಾವಣೆಗೆ ನಿಂತರು, ತಮ್ಮಂತೆ ಕಾಗದದಲ್ಲಿ ಸತ್ತವರ ಸಂಘ ಕಟ್ಟಿದರು. 2003ರಲ್ಲಿ ನಗೆಯ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಅವರಿಗೇ ಬಂತು. ಅವರ ಮುಂದೆ ಗಡ್ಡಪ್ಪ ಅದೃಷ್ಟವಂತ. ಸತ್ತ ಸುದ್ದಿ ತಿಳಿದಿದ್ದರೂ ಅವನು ಹೋಗಿ ತಕರಾರು ಅರ್ಜಿ ಕೊಡುತ್ತಿರಲಿಲ್ಲ.

ಹುನಗುಂದದ ಅಕ್ಕ

ಎಲ್ಲ ಗಂಡಸರೂ ಮಾತಾಡಿ ಮುಗಿದಿದ್ದರೆ ನಾನೊಂದು ಹೇಳಲೇ?

ಅಪ್ಪ, ಮಗ, ಮೊಮ್ಮಗ, ಮರಿಮಗ ಎಂದು ನಾಲ್ಕು ತಲೆಮಾರು ಎಣಿಸಿದಿರಿ. ವಿಮರ್ಶಕರೂ ಎಣಿಸಿದರು. ಎಣಿಕೆಯಲ್ಲಿ ಹೆಣ್ಣುಮಕ್ಕಳು ಎಲ್ಲಿದ್ದಾರೆ? ಮೇಷ್ಟ್ರು ಚಿತ್ರಲೇಖೆಯನ್ನು ನೆನೆದರು, ಸಂತೋಷ. ಆದರೆ ಗಡ್ಡಪ್ಪನ ಹೆಂಡತಿಯ ಕತೆಯನ್ನು ನಾವು ಕೇಳುವುದು ಗಡ್ಡಪ್ಪನ ಬಾಯಿಂದ ಮಾತ್ರ. ಅವಳ ಒಪ್ಪಿಗೆ ಏನಿತ್ತು, ಹೆದರಿಕೆ ಏನಿತ್ತು, ಯಾರಿಗೆ ಗೊತ್ತು? ಅವಳನ್ನು ಕಳೆದುಕೊಂಡ ಗಂಡನಿಗೆ ಅವಧೂತನ ಪಟ್ಟ ಸಿಕ್ಕಿತು. ಅವಳಿಗೆ ಒಂದು ತಿಥಿಯಾದರೂ ಆಯಿತೋ ಇಲ್ಲವೋ ಎಂದು ಕೇಳಿದ ಒಂದು ವಿಮರ್ಶೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ವಕೀಲರು ಹಕ್ಕುಬಿಡುಗಡೆ ಪತ್ರ ಒಂದು ಮಧ್ಯಾಹ್ನದ ಕೆಲಸ ಎಂದರಲ್ಲ, ಆ ಮಧ್ಯಾಹ್ನವನ್ನು ನಾನು ನೋಡಿದ್ದೇನೆ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬ ತಿದ್ದುಪಡಿ 1994ರಲ್ಲೇ ಬಂತು, ಕೇಂದ್ರದ್ದು 2005ರಲ್ಲಿ. ಕಾನೂನು ಬಂದ ಮೇಲೆ ಅಣ್ಣತಮ್ಮಂದಿರ ಪ್ರೀತಿ ಹೆಚ್ಚಿತು. ನಾಗರ ಪಂಚಮಿಗೆ ಕರೆಯಲು ಜೀಪು ತಂದರು. ಇಳಕಲ್ ಸೀರೆ ತಂದರು. ಹಬ್ಬ ಮುಗಿದ ಮರುದಿನ ಅದೇ ಜೀಪು ನೋಂದಣಿ ಕಚೇರಿಯ ಮುಂದೆ ನಿಂತಿತು. ಬೆಂಚಿನ ಮೇಲೆ ನಾವು ಅಕ್ಕತಂಗಿಯರು ಸಾಲಾಗಿ, ಹೊಸ ಸೀರೆಯ ಗಂಜಿ ಇನ್ನೂ ಕರಕರ ಎನ್ನುತ್ತಿದೆ, ತೊಡೆಯ ಮೇಲೆ ಗಂಡನ ಮನೆಗೆ ಒಯ್ಯುವ ಶೇಂಗಾದುಂಡಿಯ ಡಬ್ಬಿ. ಒಬ್ಬೊಬ್ಬರನ್ನೇ ಕರೆದು ಫೋಟೊ ಹಿಡಿದರು, ಹೆಬ್ಬೆರಳು ಒತ್ತಿಸಿಕೊಂಡರು. ಅಪ್ಪ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದ, ಒಳಗೆ ಬರಲಿಲ್ಲ. ಬಂದಿದ್ದರೆ ನಮ್ಮ ಮುಖ ನೋಡಬೇಕಾಗುತ್ತಿತ್ತು. ವಾಪಸು ಬರುವಾಗ ಸಣ್ಣ ತಂಗಿ ಡಬ್ಬಿ ತೆರೆದು ಎಲ್ಲರಿಗೂ ಒಂದೊಂದು ಉಂಡಿ ಕೊಟ್ಟಳು, ಜೀಪಿನ ಡ್ರೈವರನಿಗೂ. ಎಕರೆಗೆ ಒಂದು ಉಂಡಿ ಎಂದಳು. ನಕ್ಕೂ ನಕ್ಕೂ ನಮಗೆ ಕಣ್ಣಲ್ಲಿ ನೀರು ಬಂತು, ಮುಂದಿನ ಸೀಟಿನಲ್ಲಿದ್ದ ಅಣ್ಣ ಮಾತ್ರ ತಿರುಗಿ ನೋಡಲಿಲ್ಲ.

ಇದರ ಸಿನಿಮಾ ಯಾರು ಮಾಡುತ್ತಾರೆ?

ಟಿಳಕವಾಡಿ ಟಾಕೀಸು, ಬೆಳಗಾವಿ

ಅಕ್ಕಾವರೇ, ಎಕರೆಗೊಂದು ಉಂಡಿಯ ಮುಂದೆ ನನ್ನ ಮೂರು ಚಿತ್ರಗಳ ಹೋಲಿಕೆ ಸಪ್ಪೆಯಾಯಿತು. ಒಂದು ಮಾತು ಮಾತ್ರ ಚಿತ್ರದ ಪರವಾಗಿ. ಬಡ್ಡಿ ವ್ಯವಹಾರ ಮಾಡುವ ಹೆಂಗಸೊಬ್ಬಳು ಅದರಲ್ಲಿದ್ದಾಳೆ, ತಮ್ಮಣ್ಣನ ಜುಟ್ಟು ಅವಳ ಕೈಯಲ್ಲಿದೆ. ಬಾಯಿ ಜೋರು, ಲೆಕ್ಕ ಪಕ್ಕಾ.

ಹುನಗುಂದದ ಅಕ್ಕ

ಒಬ್ಬಳು ಬಡ್ಡಿಯವಳು, ಒಬ್ಬಳು ಸತ್ತವಳು, ಒಬ್ಬಳು ಅಭಿ ಬೆನ್ನುಹತ್ತಿದ ಹುಡುಗಿ. ಆಯಿತು ಬಿಡಿ, ಲೆಕ್ಕ ಸರಿಹೋಯಿತು.

ಬೀಳಗಿ ಮುಳುಗಡೆ

ಹೊಲ ಇರುವವರ ಕತೆ ಹೇಳಿದಿರಿ. ಹೊಲ ನೀರಿನೊಳಗೆ ಹೋದವರ ಕತೆ ಸ್ವಲ್ಪ ಬೇರೆ. ಆಲಮಟ್ಟಿಯ ನೀರು 519.60 ಮೀಟರ್ ತನಕ ನಿಂತಾಗ ನಮ್ಮ ಹಳೆಯ ಊರು ಹೋಯಿತು, ಬಾಗಲಕೋಟೆಯ ಅರ್ಧ ಪೇಟೆ ಹೋಯಿತು, ನೋಡುಗ ಅಣ್ಣನ ನವನಗರ ಎದ್ದಿತು. ಈಗ 524.256 ಮೀಟರಿನ ಮಾತು ನಡೆದಿದೆ. ನಮ್ಮಲ್ಲಿ ಮಕ್ಕಳು ವಯಸ್ಸು ಎಣಿಸುವುದಕ್ಕಿಂತ ಮೀಟರ್ ಎಣಿಸುವುದೇ ಹೆಚ್ಚು.

ಪರಿಹಾರ ಬಂದದ್ದು ಅಪ್ಪನ ಹೆಸರಿನ ಖಾತೆಗೆ. ಹೊಲವಿದ್ದಾಗ ಅಪ್ಪನ ಮಾತಿಗೆ ಎದುರಾಡದಿದ್ದ ಮಕ್ಕಳು ಬ್ಯಾಂಕಿನ ಪಾಸ್‌ಬುಕ್ ಬಂದ ಮೇಲೆ ಸರತಿಯಲ್ಲಿ ಬಂದು ಕಾಲೊತ್ತಿದರು. ಕೆಲವು ಅಪ್ಪಂದಿರು ಹಂಚಿಕೊಟ್ಟು ಬರಿಗೈಯಾದರು. ಕೆಲವರು ಕೊಡದೆ ಕುಳಿತರು. ಕೊಟ್ಟವರಿಗಿಂತ ಕೊಡದವರಿಗೆ ಹೊತ್ತಿಗೆ ಸರಿಯಾಗಿ ಚಹಾ ಸಿಕ್ಕಿತು, ಇದು ನಾನು ಕಣ್ಣಾರೆ ಕಂಡ ಲೋಕರೂಢಿ.

ಪುನರ್ವಸತಿ ಕೇಂದ್ರದಲ್ಲಿ ಒಬ್ಬರ ಮನೆಯ ಟಿ.ವಿ.ಯಲ್ಲಿ ಏಳೆಂಟು ಜನ ಕೂಡಿ ‘ತಿಥಿ’ ನೋಡಿದೆವು. ಮಂಡ್ಯದ ಮಾತು ಮೊದಲು ಕಿವಿಗೆ ಹತ್ತಲಿಲ್ಲ, ನಗು ಅರ್ಧ ನಿಮಿಷ ತಡವಾಗಿ ಬರುತ್ತಿತ್ತು. ಆದರೆ ಗಡ್ಡಪ್ಪ ಮಗ ಕೊಟ್ಟ ದುಡ್ಡನ್ನು ಕುರಿಗಾರರ ಕೈಗೆ ಹಾಕಿದಾಗ ಮುದುಕರೆಲ್ಲ ಒಟ್ಟಿಗೆ ‘ಭೇಷ್’ ಎಂದರು, ಅವರ ಮಕ್ಕಳೆಲ್ಲ ಒಟ್ಟಿಗೆ ‘ಅಯ್ಯೋ’ ಎಂದರು. ವಿಮರ್ಶೆ ಅಷ್ಟೇ.

ಗುಮ್ಮಟದ ಮಾರ್ದನಿ, ವಿಜಯಪುರ

ಅವಧೂತ ಎಂಬ ಪಟ್ಟವನ್ನು ಬೆಂಗಳೂರಿನ ವಿಮರ್ಶಕರು ಅಗ್ಗವಾಗಿ ಹಂಚುತ್ತಾರೆ. ನಮ್ಮ ಜಿಲ್ಲೆಯವರಿಗೆ ಅದರ ಬೆಲೆ ಗೊತ್ತು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡವೆಂದು ವಿನಯದಿಂದ ಹಿಂದಿರುಗಿಸಿದರು. ಬದುಕಿದ್ದಾಗಲೇ ಅಂತಿಮ ಅಭಿವಂದನ ಪತ್ರ ಬರೆದಿಟ್ಟಿದ್ದರು. ದೇಹವನ್ನು ಅಗ್ನಿಗೆ ಕೊಡಿ, ಶ್ರಾದ್ಧದ ವಿಧಿಗಳು ಬೇಡ, ಸ್ಮಾರಕ ಬೇಡ ಎಂಬ ಮಾತುಗಳು ಅದರಲ್ಲಿದ್ದವು. 2023ರ ಜನವರಿ 2ರಂದು ಅವರು ಹೋದಾಗ ಲಕ್ಷಾಂತರ ಜನ ಸೇರಿದ್ದರು, ಮರುದಿನ ಆ ಪತ್ರದಂತೆಯೇ ನಡೆಯಿತು.

ಎರಡನ್ನೂ ಹೋಲಿಸುವುದು ತಪ್ಪೆಂದು ಬೈಯಬೇಡಿ. ಹೋಲಿಸುತ್ತಿಲ್ಲ, ವ್ಯತ್ಯಾಸ ಹೇಳುತ್ತಿದ್ದೇನೆ. ನಿಜವಾಗಿ ಬಿಟ್ಟವರು ತಾವು ಬಿಟ್ಟದ್ದು ಹಿಂದಿರುವವರ ತಲೆಗೆ ಹೊರೆಯಾಗದಂತೆ ಬರೆದಿಟ್ಟು ಹೋದರು. ಗಡ್ಡಪ್ಪ ಬಿಟ್ಟ, ಬರೆದುಕೊಡಲಿಲ್ಲ. ಈ ಒಂದು ವಿಷಯದಲ್ಲಿ ನಾನು ನೋಡುಗರ ಪರ.

ಗುಳೇದಗುಡ್ಡದ ಪರದೆ

ನಮ್ಮ ಕಡೆಯ ಪ್ರೇಕ್ಷಕರಿಗೆ ಈ ಚಿತ್ರ ಒಗ್ಗಲು ಹೊತ್ತು ಹಿಡಿದದ್ದೇಕೆ ಎಂದರೆ, ಬನಶಂಕರಿ ಜಾತ್ರೆಯ ಕಂಪನಿ ನಾಟಕ ನೋಡಿ ಬೆಳೆದವರು ನಾವು. ಅಲ್ಲಿ ಅಪ್ಪ ಎಂದರೆ ರುಮಾಲು, ಕೋಲು, ಮರ್ಯಾದೆ. ಮಗ ಕೆಟ್ಟವನಾದರೆ ಮೂರನೆಯ ಅಂಕದಲ್ಲಿ ಕಾಲಿಗೆ ಬೀಳುತ್ತಾನೆ. ಹಾಸ್ಯಕ್ಕೆ ಬೇರೆ ಪಾತ್ರಧಾರಿ ಇರುತ್ತಾನೆ, ಅಪ್ಪನ ಮೇಲೆ ನಗುವುದಿಲ್ಲ. ನಿರ್ದೇಶಕ ರಾಮ್ ರೆಡ್ಡಿ, ಬರಹಗಾರ ಈರೇಗೌಡ ಇಬ್ಬರೂ ಅಪ್ಪನಿಗೇ ಹಾಸ್ಯಗಾರನ ವೇಷ ಹಾಕಿದರು. ಅದೂ ಬಣ್ಣ ಹಚ್ಚದೆ, ಊರಿನ ಜನರಿಂದಲೇ.

ನನ್ನ ತಕರಾರು ಚಿತ್ರದ ಮೇಲಲ್ಲ, ಆಮೇಲಿನದರ ಮೇಲೆ. ಗಡ್ಡಪ್ಪನಾಗಿ ಚನ್ನೇಗೌಡರು, ಸೆಂಚುರಿ ಗೌಡನಾಗಿ ಸಿಂಗ್ರಿಗೌಡರು ಹೆಸರಾದ ಮೇಲೆ ಗಾಂಧಿನಗರದವರು ಅವರನ್ನು ಚಿತ್ರದಿಂದ ಚಿತ್ರಕ್ಕೆ ಎತ್ತಿಕೊಂಡು ಹೋದರು. ಗಡ್ಡ ಬೇಕಿತ್ತು, ಬೈಗುಳ ಬೇಕಿತ್ತು, ಪೋಸ್ಟರಿಗೆ ಮುಖ ಬೇಕಿತ್ತು. ‘ತಿಥಿ’ಯಲ್ಲಿ ಮುದುಕರ ಜೊತೆ ನಕ್ಕ ಪ್ರೇಕ್ಷಕ ಆ ಚಿತ್ರಗಳಲ್ಲಿ ಮುದುಕರನ್ನು ನೋಡಿ ನಕ್ಕ. ಕಲಾವಿದನ ಹೊಟ್ಟೆಪಾಡು ನನಗೆ ಗೊತ್ತು, ಕರೆದರೆ ಹೋಗಬೇಕು. ಕರೆದವರಿಗೆ ನಾಚಿಕೆ ಇರಬೇಕಿತ್ತು.

ರಾಯಬಾಗ ಕುರಿಗಾರ

ನಮ್ಮವರು ವರ್ಷದ ಅರ್ಧ ಹಿಂಡಿನ ಹಿಂದೆ ಅಲೆಯುವವರು. ರೈತರ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತೇವೆ, ಹೊಲಕ್ಕೆ ಗೊಬ್ಬರ, ನಮಗೆ ಕಾಳುಕಡಿ. ಹಾಗಾಗಿ ಗಡ್ಡಪ್ಪನಂಥವರು ಬಂದು ಬೆಂಕಿಯ ಮುಂದೆ ಕೂರುವುದು ಹೊಸದಲ್ಲ. ರೊಟ್ಟಿ ಕೊಡುತ್ತೇವೆ, ಕತೆ ಕೇಳುತ್ತೇವೆ, ಬೆಳಿಗ್ಗೆ ಮರೆಯುತ್ತೇವೆ. ಆ ಭಾಗವನ್ನು ಚಿತ್ರದಲ್ಲಿ ಚೆನ್ನಾಗಿಯೇ ತೋರಿಸಿದ್ದಾರೆ.

ಆದರೆ ಇಷ್ಟು ಹೊತ್ತು ಅಪ್ಪನ ತಪ್ಪೋ ಮಗನ ತಪ್ಪೋ ಎಂದು ತೂಗಿದಿರಿ. ತಿಥಿಯ ಬಾಡೂಟಕ್ಕೆ ಕುರಿ ಬಂದದ್ದು ಎಲ್ಲಿಂದ? ಕೊಂಡು ತರಬೇಕಿದ್ದ ಹುಡುಗರು ಕುರಿಗಾರರ ಹಿಂಡಿನಿಂದ ಕದ್ದರು. ಮುದುಕನಿಗೆ ಅನ್ನ ಹಾಕಿದವರ ಮನೆಗೇ ಆ ಮುದುಕನ ವಂಶ ಕನ್ನ ಹಾಕಿತು. ಅಪ್ಪನ ಹೊಣೆ, ಮಗನ ಹೊಣೆ, ಕಾಗದ, ಕಾನೂನು ಎಲ್ಲ ಅವರ ಮನೆಯೊಳಗಿನ ಜಗಳ. ಅದರ ಊಟದ ಖರ್ಚು ಬಿದ್ದದ್ದು ಯಾರ ತಲೆಗೆ? ಈ ಪ್ರಶ್ನೆಗೆ ಚಿತ್ರಮಂದಿರದಲ್ಲಿ ಯಾರೂ ನಗಲಿಲ್ಲ, ಅಳಲೂ ಇಲ್ಲ. ಗಮನಿಸಲೇ ಇಲ್ಲ.

ನವನಗರದ ನೋಡುಗ, ಬಾಗಲಕೋಟೆ

ಎಲ್ಲರದನ್ನೂ ಓದಿದೆ. ಕುರಿಗಾರ ಅಣ್ಣನ ಮಾತಿಗೆ ಎದುರು ಹೇಳಲು ಏನೂ ಇಲ್ಲ. ಅಕ್ಕಾವರ ಜೀಪಿನ ಪ್ರಸಂಗ ಓದಿದ ಮೇಲೆ ನಮ್ಮ ಮನೆಯ ಅಕ್ಕಂದಿರ ಪಂಚಮಿಗಳನ್ನು ನೆನೆಸಿಕೊಳ್ಳುತ್ತ ಕುಳಿತೆ, ಅದನ್ನು ಇಲ್ಲಿ ಬರೆಯಲಾರೆ.

ಮೇಷ್ಟ್ರೇ, ಸಹಿ ಎಂದರೆ ವಾರಸುದಾರಿಕೆಯ ಒಪ್ಪಿಗೆ ಎಂದಿರಲ್ಲ, ಆ ಮಾತು ಗಟ್ಟಿಯಾಗಿದೆ. ಆದರೆ ನನ್ನ ವಾದವನ್ನು ಅದು ಮುರಿಯುವುದಿಲ್ಲ, ಬಲಪಡಿಸುತ್ತದೆ. ಗಡ್ಡಪ್ಪ ಆ ಕತೆಯನ್ನು ಹೇಳಿದ್ದು ಯಾರಿಗೆ? ಗುರುತು ಪರಿಚಯವಿಲ್ಲದ ಕುರಿಗಾರರಿಗೆ. ಮಗನಿಗಲ್ಲ. ‘ಈ ಹೊಲ ನನಗೆ ಏಕೆ ಬೇಡ ಗೊತ್ತೇನು, ತಮ್ಮಣ್ಣ?’ ಎಂದು ಒಂದು ರಾತ್ರಿ ಅವನನ್ನು ಕೂಡಿಸಿಕೊಂಡು ಹೇಳಿದ್ದರೆ ಆ ಮಗ ಮರಣ ಪತ್ರ ಮಾಡಿಸುತ್ತಿದ್ದನೇ? ಮಾಡಿಸುತ್ತಿದ್ದನೋ ಏನೋ, ಅವನೂ ಸಾಚಾ ಅಲ್ಲ. ಆದರೆ ಕಾರಣವಾದರೂ ಗೊತ್ತಿರುತ್ತಿತ್ತು. ತಮ್ಮಣ್ಣನ ಪಾಲಿಗೆ ಅಪ್ಪ ಒಬ್ಬ ಕುಡುಕ, ಅಷ್ಟೆ. ತನ್ನ ಅಪ್ಪನ ಮೇಲಿನ ಸಿಟ್ಟನ್ನು ಗಡ್ಡಪ್ಪ ತೀರಿಸಿಕೊಂಡದ್ದು ತನ್ನ ಮಗನ ಮೇಲೆ. ಸತ್ತವನಿಗೆ ಅದರಿಂದ ಏನೂ ಆಗಲಿಲ್ಲ.

ನಮ್ಮ ಅಪ್ಪಂದಿರೂ ಹಾಗೆಯೇ. ಅಗಸೆಕಟ್ಟೆಯಲ್ಲಿ ಕುಳಿತು ದಾರಿಯಲ್ಲಿ ಹೋಗುವವನಿಗೆ ಸಾಲದ ಲೆಕ್ಕ, ಹಳೆಯ ಅವಮಾನ, ಕಳೆದುಕೊಂಡ ಎತ್ತು, ಎಲ್ಲವನ್ನೂ ಹೇಳುತ್ತಾರೆ. ಮಗ ಬಂದು ಪಕ್ಕದಲ್ಲಿ ನಿಂತರೆ ಮಾತು ನಿಲ್ಲುತ್ತದೆ, ‘ದನಕ್ಕೆ ನೀರು ಕುಡಿಸಿದೆಯೇನು?’ ಎನ್ನುತ್ತಾರೆ.

ಸಿಂದಗಿಯ ಮೇಷ್ಟ್ರು, ವಿಜಯಪುರ ಜಿಲ್ಲೆ

ಹೇಳಿದ್ದರೆ ಮಗ ಏನು ಕೇಳಬೇಕಾಗುತ್ತಿತ್ತು ಎಂದು ಯೋಚಿಸಿದ್ದೀರಾ, ನೋಡುಗರೇ? ಅವನ ಅಮ್ಮನ ಕತೆ ಅದು. ಕೇಳಿದ ಮೇಲೆ ತನ್ನ ಹುಟ್ಟಿನ ಬಗ್ಗೆಯೇ ಅವನಿಗೆ ಒಂದು ಪ್ರಶ್ನೆ ಏಳುತ್ತಿತ್ತು. ಕುರಿಗಾರರಿಗೆ ಹೇಳಬಹುದು, ಅವರು ಬೆಳಿಗ್ಗೆ ಮರೆಯುತ್ತಾರೆ. ಮಗನಿಗೆ ಹೇಳಿದರೆ ಅವನು ಸಾಯುವ ತನಕ ಹೊರಬೇಕು. ಹೇಳದಿರುವುದೇ ಆ ಅಪ್ಪ ಮಗನಿಗೆ ಮಾಡಿದ ಒಂದೇ ಉಪಕಾರ ಎಂದು ನನ್ನ ಓದು.

ನವನಗರದ ನೋಡುಗ, ಬಾಗಲಕೋಟೆ

ಉಪಕಾರದ ಬೆಲೆ ಐದು ಎಕರೆ ಮತ್ತು ಊರ ಮುಂದೆ ಮಾನ. ತಿಥಿಯ ದಿನ ಸತ್ತವನೆಂದು ಬರೆಸಿದ ಅಪ್ಪ ಎದುರಿಗೆ ಬಂದು ನಿಂತಾಗ ತಮ್ಮಣ್ಣನ ಗತಿ ನೆನಪಿಸಿಕೊಳ್ಳಿ. ನಾನು ಒಪ್ಪುವುದಿಲ್ಲ, ಮೇಷ್ಟ್ರೇ.

ಸಿಂದಗಿಯ ಮೇಷ್ಟ್ರು, ವಿಜಯಪುರ ಜಿಲ್ಲೆ

ಒಪ್ಪಬೇಡಿ. ಇಬ್ಬರೂ ಒಪ್ಪಿದರೆ ಆ ಚಿತ್ರ ಇಷ್ಟು ವರ್ಷ ಏಕೆ ಉಳಿಯುತ್ತಿತ್ತು?

ಅಥಣಿ ಕಬ್ಬು

ನಿಮ್ಮೆಲ್ಲರ ಗಲಾಟೆ ಓದಿ ಮತ್ತೊಮ್ಮೆ ನೋಡಿದೆ. ಈ ಸಲ ಅಪ್ಪನನ್ನೂ ಪಕ್ಕಕ್ಕೆ ಕೂಡಿಸಿಕೊಂಡೆ. ನಿದ್ದೆ ಬರಲಿಲ್ಲ, ಅಷ್ಟು ಒಪ್ಪುತ್ತೇನೆ. ಅಪ್ಪ ಮೊದಲಿನಿಂದ ಕೊನೆಯ ತನಕ ಗಡ್ಡಪ್ಪನ ಪರ. ಬೆಂಕಿಯ ದೃಶ್ಯದಲ್ಲಿ ಮಾತ್ರ ಎದ್ದು ಹೊರಗೆ ಹೋದರು, ಎಲೆ ಅಡಿಕೆ ಉಗುಳಿ ಬರುತ್ತೇನೆಂದು. ಬಂದ ಮೇಲೆ ಏನಾಯಿತೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ವಕೀಲರೇ, ಒಂದು ಸಂಶಯ. ನಮ್ಮ ಉತಾರದಲ್ಲಿ ಇನ್ನೂ ಅಜ್ಜನ ಹೆಸರಿದೆ, ಅಜ್ಜ ಹೋಗಿ ಬಹಳ ವರ್ಷವಾಯಿತು. ವಾರಸಾ ಮಾಡಿಸಲು ಏನೇನು ಬೇಕು?

ಚಿಕ್ಕೋಡಿ ವಕೀಲ

ಅಜ್ಜನ ಮರಣ ಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್. ಅತ್ತೆಯಂದಿರಿದ್ದರೆ ಅವರ ಹೆಸರನ್ನೂ ವಂಶವೃಕ್ಷದಲ್ಲಿ ಹಾಕಿಸಿ, ಬಿಟ್ಟರೆ ಮುಂದೆ ನಾನೇ ಅವರ ಪರವಾಗಿ ನಿಮ್ಮ ಮೇಲೆ ದಾವೆ ಹೂಡಬೇಕಾದೀತು. ಗ್ರಾಮ ಆಡಳಿತಾಧಿಕಾರಿಯ ಬಳಿಗೆ ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ.

ಹುನಗುಂದದ ಅಕ್ಕ

ಅತ್ತೆಯಂದಿರನ್ನು ಕರೆಯಲು ಪಂಚಮಿಯ ತನಕ ಕಾಯಬೇಡ ತಮ್ಮಾ. ಈಗಲೇ ಫೋನು ಮಾಡು.